ಮಳೆಗಾಲ ಕಳೆಯಲಿ, ಆಮೇಲೆ ನೋಡುವ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕರಾವಳಿಯ ಗ್ಯಾರೇಜುಗಳಲ್ಲಿ ಒಂದೇ ಮಾತು ಹತ್ತು ಬಾಯಿಗಳಲ್ಲಿ ಕೇಳಿಬರುತ್ತದೆ: ‘ಈ ಮಳೆಗಾಲವೊಂದು ಕಳೆಯಲಿ ಮಾರಾಯ್ರೇ, ಆಮೇಲೆ ನೋಡುವ.’ ಹಳೆಯ ಮಾರುತಿ 800, ಝೆನ್, ಓಮ್ನಿಗಳನ್ನು ಮಳೆಗೆ ಸಜ್ಜುಗೊಳಿಸಲು ತಂದವರು ವೈಪರ್ ಬ್ಲೇಡ್ ಬದಲಿಸುತ್ತಾರೆ, ಟಯರು ನೋಡುತ್ತಾರೆ, ಬ್ರೇಕ್ ಸರಿಮಾಡಿಸುತ್ತಾರೆ. ಇಷ್ಟಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಅಂಚಿನಲ್ಲಿ ಬಣ್ಣ ಉಬ್ಬಿ ಹುಣಸೆಬೀಜದಗಲದ ಗುಳ್ಳೆ ಎದ್ದಿರುವುದನ್ನು ಮೇಸ್ತ್ರಿ ಬೆರಳಿಟ್ಟು ತೋರಿಸಿದಾಗ ಮಾತ್ರ ಆ ಮಾತು ಹೊರಬೀಳುತ್ತದೆ. ಮೇಸ್ತ್ರಿಯೂ ಒತ್ತಾಯಿಸುವುದಿಲ್ಲ, ಗಿರಾಕಿ ಕೈತಪ್ಪಬಾರದಲ್ಲ. ಇಬ್ಬರಿಗೂ ಸಮಾಧಾನ. ನಮ್ಮ ತಕರಾರು ಇರುವುದು ಆ ಸಮಾಧಾನದ ಮೇಲೆ.

ಬಣ್ಣದ ಮೇಲೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ಹಾನಿ ಬಹುಪಾಲು ಆಗಿಹೋಗಿರುತ್ತದೆ. ರನ್ನಿಂಗ್ ಬೋರ್ಡ್ ಎಂದರೆ ಒಳಗೆ ಟೊಳ್ಳಾಗಿರುವ ಒಂದು ಉದ್ದನೆಯ ತಗಡಿನ ಪೆಟ್ಟಿಗೆ. ಬಾಗಿಲ ಬೀಡಿಂಗ್ ಸಡಿಲವಾದ ಕಡೆ, ಚಕ್ರದ ಎರಚಲು ಬಡಿಯುವ ಕಡೆ ನೀರು ಅದರೊಳಕ್ಕೆ ಇಳಿಯುತ್ತದೆ. ಇಳಿದ ನೀರು ಹೊರಹೋಗಲೆಂದು ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ; ವರ್ಷಗಟ್ಟಲೆ ಮೆತ್ತಿದ ಕೆಸರು ಅವುಗಳ ಬಾಯಿ ಕಟ್ಟಿರುತ್ತದೆ. ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ, ಇಷ್ಟೇ. ಉಪ್ಪು ಸೇರಿತೋ, ಆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿದು ತುಕ್ಕಿನ ವೇಗ ಏರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವ ವಸ್ತು. ಒಳಗೆ ಜಾಗ ಸಾಲದಾದಾಗ ಬಣ್ಣವನ್ನು ಹೊರಕ್ಕೆ ನೂಕುತ್ತದೆ. ಕಾರಿನ ಮೈತಗಡಿನ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ ಎಂಬುದನ್ನು ನೆನಪಿಟ್ಟುಕೊಂಡು ಆ ಗುಳ್ಳೆಯನ್ನು ನೋಡಬೇಕು.

ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಠಣ್ಣೆನ್ನುತ್ತದೆ. ತಿಂದುಹೋದ ತಗಡಿಗೆ ದನಿಯೇ ಇರುವುದಿಲ್ಲ. ಮೊನೆಯಿಟ್ಟು ಒತ್ತಿದರೆ ಬಣ್ಣ ಚಟ್ಟನೆ ಒಡೆದು ಮೊನೆ ಒಳಕ್ಕೆ ಹೋಗುತ್ತದೆ. ಹೊರಗೆಳೆದಾಗ ಅದರ ಹಿಂದೆಯೇ ಕಂದು ಪದರುಗಳು, ಒದ್ದೆ ಮಣ್ಣು, ಕೆಲವೊಮ್ಮೆ ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ತುರುಕಿ ಮೇಲೆ ಪುಟ್ಟಿ ಬಳಿದ ಪತ್ರಿಕೆಯ ಮುದ್ದೆ ಉದುರುತ್ತದೆ. ಹೊರಗೆ ಹುಣಸೆಬೀಜದಷ್ಟು ಕಂಡದ್ದು ಒಳಗೆ ಅಂಗೈಯಗಲ ಆಗಿರುತ್ತದೆ.

ಎಲ್ಲ ತುಕ್ಕೂ ಒಂದೇ ತೂಕದ್ದಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಲಾರಿಗೆ, ಹಳೆಯ ಜೀಪಿಗೆ ಅಡಿಯಲ್ಲಿ ಚಾಸಿ ಎಂಬ ಪ್ರತ್ಯೇಕ ಉಕ್ಕಿನ ಚೌಕಟ್ಟಿದೆ, ಬಾಡಿಯನ್ನು ಅದರ ಮೇಲೆ ಕೂರಿಸಿರುತ್ತಾರೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800ಕ್ಕೆ ಅಂಥ ಚಾಸಿ ಇಲ್ಲ. ಝೆನ್‌ಗೆ ಇಲ್ಲ, ಎಸ್ಟೀಮ್‌ಗೆ ಇಲ್ಲ, ಗಟ್ಟಿತನಕ್ಕೆ ಹೆಸರಾದ ಅಂಬಾಸಡರಿಗೂ ಇರಲಿಲ್ಲ. ನೆಲದ ತಗಡು, ರನ್ನಿಂಗ್ ಬೋರ್ಡು, ಬಾಗಿಲ ಕಂಬ, ಮಾಡು ಎಲ್ಲವೂ ಒಂದನ್ನೊಂದು ಹಿಡಿದುಕೊಂಡೇ ಬಲ ಪಡೆಯುತ್ತವೆ. ಮಡ್‌ಗಾರ್ಡಿನಲ್ಲೋ ಡಿಕ್ಕಿಯ ಮುಚ್ಚಳದಲ್ಲೋ ತೂತಾದರೆ ಅದು ಅಂದಗೇಡು ಅಷ್ಟೆ. ಬೋಲ್ಟು ಬಿಚ್ಚಿ ಬೇರೆ ಹಾಕಿಸಬಹುದು, ಹಾಗೆಯೇ ಬಿಟ್ಟರೂ ಪ್ರಾಣಕ್ಕೇನೂ ಸಂಚಕಾರವಿಲ್ಲ. ರನ್ನಿಂಗ್ ಬೋರ್ಡು, ನೆಲ, ಮುಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂತಿರುವ ಏಪ್ರನ್ನು, ಹಿಂದಿನ ಸಸ್ಪೆನ್ಷನ್ ಕಚ್ಚಿಕೊಂಡಿರುವ ಜಾಗ, ಸೀಟು ಮತ್ತು ಸೀಟ್ ಬೆಲ್ಟ್ ಬೋಲ್ಟುಗಳ ಬುಡ, ಈ ಕಡೆಗಳಲ್ಲಿ ಹಿಡಿದ ತುಕ್ಕಿನ ಮಾತೇ ಬೇರೆ. ಹೆಂಚಿನ ಮನೆಯ ಬಾಗಿಲಿಗೆ ಗೆದ್ದಲು ಹಿಡಿದರೆ ಬಾಗಿಲು ಬದಲಿಸುತ್ತೇವೆ. ತೊಲೆಗೆ ಹಿಡಿದರೆ ಅವತ್ತೇ ರಾತ್ರಿ ಮಕ್ಕಳ ಹಾಸಿಗೆಯನ್ನು ಆಚೆ ಕೋಣೆಗೆ ಸಾಗಿಸುತ್ತೇವೆ. ಕಾರಿನ ಹತ್ತಿರ ಬಂದಾಗ ಆ ವಿವೇಕ ಎಲ್ಲಿ ಹೋಗುತ್ತದೋ.

ಬಹುಶಃ ಸೂಚನೆಗಳು ತೀರಾ ಸಣ್ಣವಾಗಿರುವುದರಿಂದಲೇ ಹೀಗಾಗುತ್ತದೆ. ಮುಂದಿನ ಎಡಸೀಟಿನ ಕಾಲಡಿಯ ಮ್ಯಾಟು ಬಿರುಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ. ಮಳೆಯಿಲ್ಲದೆ ನೀರು ಎಲ್ಲಿಂದ? ಏಸಿಯ ನೀರನ್ನು ಹೊರಬಿಡುವ ಪುಟ್ಟ ರಬ್ಬರ್ ಪೈಪು ಕಸ ಕಟ್ಟಿಕೊಂಡರೆ ಆ ನೀರು ಒಳಗೇ ಸುರಿದು ಕಾರ್ಪೆಟ್ಟಿನ ಅಡಿಯ ದಪ್ಪ ಪದರದಲ್ಲಿ ನಿಲ್ಲುತ್ತದೆ. ಮೇಲೆ ಕೈಯಾಡಿಸಿದರೆ ಒಣಗಿದಂತೆಯೇ ಇರುತ್ತದೆ. ಮುಗ್ಗಲು ವಾಸನೆ ಬಂತೆಂದು ಸುಗಂಧದ ಡಬ್ಬಿಯೊಂದನ್ನು ಕನ್ನಡಿಗೆ ತೂಗುಹಾಕಿದರೆ ಸಮಸ್ಯೆ ಬಗೆಹರಿದ ಲೆಕ್ಕ. ಪೈಪು ಊದಿ ಶುಚಿಮಾಡುವುದು ಹತ್ತು ನಿಮಿಷದ ಕೆಲಸ. ಮಾಡದೆ ಬಿಟ್ಟರೆ ಎರಡು ಮೂರು ವರ್ಷದಲ್ಲಿ ನೆಲದ ತಗಡು ಮೇಲಿನಿಂದ ಕೆಳಕ್ಕೆ ಕರಗಿ, ಕಾರ್ಪೆಟ್ ಎತ್ತಿದರೆ ರಸ್ತೆ ಕಾಣುತ್ತದೆ.

ಇನ್ನು ಬಾಗಿಲು. ಮುಚ್ಚುವಾಗ ಈಚೆಗೆ ತುಸು ಎತ್ತಿ ಹಾಕಬೇಕಾಗಿದೆ. ಹಿಂಜು ಸವೆದಿರಬಹುದು, ಅದು ಹೊಸದೇನಲ್ಲ. ಆದರೆ ಹಿಂಜು ಕೂತ ಕಂಬದ ಬುಡವೇ ಕುಸಿಯುತ್ತಿರಬಹುದು ಎಂದು ಎಷ್ಟು ಜನ ಯೋಚಿಸುತ್ತಾರೆ? ಹಂಪ್ ಹತ್ತಿಳಿಯುವಾಗ ಮುಂದಿನ ಒಂದು ಬದಿಯಿಂದ ‘ಕಟ್’ ಎನ್ನುವ ಸದ್ದು. ಶಾಕ್ ಅಬ್ಸಾರ್ಬರ್ ಹೊಸತು ಹಾಕಿಸಿದರೂ ಸದ್ದು ಉಳಿದರೆ ಬಾನೆಟ್ ಎತ್ತಿ, ಅದರ ಮೇಲ್ತುದಿಯ ಬೋಲ್ಟುಗಳ ಸುತ್ತ ತಗಡು ಸೀಳಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕಾದ ಹೊತ್ತು ಅದು. ವೈಪರಿನ ಬುಡದ ಜಾಲರಿಯೊಳಗೆ ಮಾವಿನೆಲೆ ಕೊಳೆತು ಗೊಬ್ಬರವಾಗಿರುತ್ತದೆ, ಅದರಡಿಯ ತಗಡು ವರ್ಷವಿಡೀ ತೇವ. ಪಂಕ್ಚರ್ ಆದ ದಿನ ಜ್ಯಾಕ್ ಏರಿಸುತ್ತ ಹೋದರೂ ಚಕ್ರ ನೆಲ ಬಿಡುವುದಿಲ್ಲ. ಜ್ಯಾಕಿನ ತಲೆ ಕರಕರನೆ ರನ್ನಿಂಗ್ ಬೋರ್ಡಿನೊಳಕ್ಕೆ ಹುದುಗುತ್ತಿರುತ್ತದೆ. ಜನ ಏನು ಮಾಡುತ್ತಾರೆ? ಜ್ಯಾಕನ್ನು ಒಂದು ಗೇಣು ಆಚೆ ಇಡುತ್ತಾರೆ. ಚಾಲಕನ ಸೀಟು ಒಂದು ಬದಿಗೆ ವಾಲಿದರೆ ದಿಂಬು ಕೊಟ್ಟು ಕೂರುತ್ತಾರೆ. ಸೀಟಿನ ಕಾಲು ಕೂತ ನೆಲವೇ ಬಿಟ್ಟುಕೊಡುತ್ತಿದೆ, ಅದೇ ಸೀಟಿನಲ್ಲಿ ತಾವು ಎಂಬತ್ತರ ವೇಗದಲ್ಲಿ ಹೋಗುತ್ತಿದ್ದೇವೆ ಎಂಬುದು ದಿಂಬಿನ ಕೆಳಗೆ ಮುಚ್ಚಿಹೋಗುತ್ತದೆ.

ನಮ್ಮ ನೆಲದಲ್ಲಿ ತುಕ್ಕಿಗೆ ಬೇರೆಯ ಸೌಕರ್ಯಗಳೂ ಇವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಕಡಲಿನ ಮಗ್ಗುಲಲ್ಲೇ ಹಾದುಹೋಗುವುದರಿಂದ ಅಲೆಯ ಉಪ್ಪುಹನಿ ನೇರ ಕಾರಿನ ಮೈಮೇಲೆ ಬೀಳುತ್ತದೆ. ಮಲ್ಪೆಯಿಂದ ಮೀನಿನ ಬುಟ್ಟಿ ಹೊತ್ತು ಬರುವ ಓಮ್ನಿಯ ನೆಲದ ಮೇಲೆ ಮಂಜುಗಡ್ಡೆ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಹರಿದಾಡುತ್ತದೆ. ಘಟ್ಟದ ಮೇಲಿನವರು ತಮಗೆ ಕಡಲಿಲ್ಲ ಎಂದು ನಿಶ್ಚಿಂತರಾಗಬೇಕಿಲ್ಲ: ಡಿಕ್ಕಿಯಲ್ಲಿ ತಂದ ಪೊಟ್ಯಾಷ್ ಚೀಲ ಸೋರಿದರೆ ಅದೂ ಉಪ್ಪೇ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ಪುಡಿ ಕಬ್ಬಿಣಕ್ಕೆ ಉಪ್ಪಿಗಿಂತಲೂ ಕೆಟ್ಟದ್ದು. ಭಾನುವಾರ ಕಾರು ತೊಳೆಯುವಾಗ ಮಾಡು ಹೊಳೆಯುತ್ತದೆ, ಗಾಜು ಹೊಳೆಯುತ್ತದೆ. ತಳಕ್ಕೆ ಪೈಪು ಹಿಡಿಯುವವರನ್ನು ಹುಡುಕಬೇಕು.

ಇದನ್ನೆಲ್ಲ ಜಗತ್ತು ಮೊದಲ ಸಲ ನೋಡುತ್ತಿರುವುದೇನಲ್ಲ. ಇಟಲಿಯ ಲಾನ್ಸಿಯಾ ಕಂಪನಿ 1972ರಲ್ಲಿ ಹೊರತಂದ ಬೀಟಾ ಒಳ್ಳೆಯ ಕಾರೆಂದು ಹೆಸರು ಮಾಡಿತ್ತು. ಇಂಗ್ಲೆಂಡಿನ ಹಸಿ ಹವೆಯಲ್ಲಿ ಎಂಜಿನ್ ಹೊತ್ತ ಅದರ ಸಬ್‌ಫ್ರೇಮಿಗೆ ತುಕ್ಕು ಹಿಡಿಯಿತು. 1980ರಲ್ಲಿ ಅದು ಪತ್ರಿಕೆಗಳಿಗೆ ಬಂದು, ತೀರಾ ಹಾಳಾದ ಕಾರುಗಳನ್ನು ಕಂಪನಿಯೇ ಮರಳಿ ಕೊಂಡು ಗುಜರಿಗೆ ಹಾಕಬೇಕಾಯಿತು. ಆ ಕೆಟ್ಟ ಹೆಸರಿನಿಂದ ಲಾನ್ಸಿಯಾ ಅಲ್ಲಿ ಚೇತರಿಸಿಕೊಳ್ಳಲೇ ಇಲ್ಲ. 1994ರಲ್ಲಿ ಬ್ರಿಟನ್ನಿನ ಮಾರುಕಟ್ಟೆಯನ್ನೇ ಬಿಟ್ಟಿತು. ಚಾಸಿ ಇರುವ ಗಾಡಿಗೆ ಭಯವಿಲ್ಲ ಎನ್ನುವವರಿಗೆ ಅಮೆರಿಕದ ಉದಾಹರಣೆ ಇದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಆ ನಾಡಿನಲ್ಲಿ ಟೊಯೊಟಾ ಟಕೋಮಾ ಪಿಕಪ್‌ಗಳ ದಪ್ಪ ಚಾಸಿಯೇ ತೂತುಬಿತ್ತು. 1995ರಿಂದ 2000ದವರೆಗಿನ ಗಾಡಿಗಳಲ್ಲಿ ಚಾಸಿ ಹೋದವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ಕಂಪನಿ 2008ರಲ್ಲಿ ವಾಪಸು ಪಡೆಯಿತು. ಆಮೇಲಿನ ಮಾದರಿಗಳಲ್ಲೂ ಅದೇ ದೂರು ಎದ್ದು, 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳಿಗೆ ಸಂಬಂಧಿಸಿ 340 ಕೋಟಿ ಡಾಲರ್‌ವರೆಗೆ ವೆಚ್ಚವಾಗಬಹುದಾದ ರಾಜಿಗೆ ಒಪ್ಪಬೇಕಾಯಿತು. ಎರಡೂ ಕಡೆ ಮೊದಲು ಕಂಡದ್ದು ಸಣ್ಣ ಕಂದು ಕಲೆ.

ಬ್ರಿಟನ್ನಿನಲ್ಲಿ ಕಾರು ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆಗೆ ಹೋಗಬೇಕು. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್, ಸೀಟ್ ಬೆಲ್ಟ್ ಕೂತ ಜಾಗಗಳಿಂದ 30 ಸೆಂಟಿಮೀಟರಿನೊಳಗೆ ಬಲ ಕುಂದಿಸುವಂಥ ತುಕ್ಕಿದ್ದರೆ ಕಾರು ಫೇಲು. ಅಲ್ಲಿ ಪುಟ್ಟಿ, ಫೈಬರ್ ಮೆತ್ತಿ ತಂದರೆ ಒಪ್ಪುವುದಿಲ್ಲ. ತಗಡಿಗೆ ತಗಡನ್ನೇ ಬೆಸೆದಿರಬೇಕು. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ. ಎಫ್‌ಸಿ ಪ್ರಶ್ನೆ ಏಳುವುದು ಅದು ಮುಗಿದಾಗ, ಮತ್ತೆ ಐದು ವರ್ಷಕ್ಕೊಮ್ಮೆ. ಮೊದಲ ಪರೀಕ್ಷೆಗೆ ಮುಂಚೆಯೇ ಕರಾವಳಿಯ ಕಾರು ಹದಿನೈದು ಮಳೆಗಾಲ ಉಂಡಿರುತ್ತದೆ. 2022ರ ಏಪ್ರಿಲ್‌ನಲ್ಲಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಊರೆಲ್ಲ ಗೊಣಗಿತು. ಆ ಕಾಗದ ಕೈಗೆ ಬಂದಮೇಲೆ ‘ಸರಕಾರವೇ ಸರಿಯಿದೆ ಅಂದಿದೆ’ ಎಂಬ ನೆಮ್ಮದಿ ಬೇರೆ. ದೀಪ, ಹಾರ್ನು, ಹೊಗೆ ಸರಿಯಿದ್ದರೆ ಪಾಸಾಗುವ ಕಣ್ಣಳತೆಗೆ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗಿನ ತುಕ್ಕು ಹೇಗೆ ಕಾಣಬೇಕು?

ಹಾಗಾದರೆ ರಿಪೇರಿ ಮಾಡಿಸಬೇಕೇ, ಬಿಡಬೇಕೇ? ಎರಡೂ ಗೌರವದ ದಾರಿಗಳೇ. ಒಂದು ಬದಿಯ ರನ್ನಿಂಗ್ ಬೋರ್ಡು, ನೆಲದ ಒಂದು ಮೂಲೆ ಹೋಗಿದ್ದು ಉಳಿದದ್ದು ಗಟ್ಟಿಯಿದ್ದರೆ ಮಾಡಿಸುವುದೇ ಸರಿ. ಎರಡೂ ಬದಿ, ಏಪ್ರನ್ನು, ಹಿಂದಿನ ಸಸ್ಪೆನ್ಷನ್ ಬುಡ ಎಲ್ಲ ಹೋಗಿದ್ದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ; ಮೊದಲ ಸಂಬಳದಲ್ಲಿ ಕೊಂಡದ್ದು, ಅಪ್ಪ ಓಡಿಸುತ್ತಿದ್ದದ್ದು ಎಂಬ ಭಾವನೆಗೆ ಬೆಲೆಯಿದೆಯಾದರೂ ಆ ಬೆಲೆ ತೂತು ಮುಚ್ಚುವುದಿಲ್ಲ. ಮುಂದಿನ ಹತ್ತು ವರ್ಷ ಇಟ್ಟುಕೊಳ್ಳುವೆನೆಂದು ಗಟ್ಟಿಮನಸ್ಸು ಮಾಡಿದವರು ಖರ್ಚು ಹಾಕಲಿ. ಮುಂದಿನ ದೀಪಾವಳಿಗೆ ಮಾರುವ ಯೋಚನೆಯಿದ್ದವರು ಈಗಲೇ ಕೈತೊಳೆದುಕೊಳ್ಳುವುದು ಮೇಲು.

ಮಾಡಿಸುವುದಾದರೆ ಹೇಗೆ ಎಂಬುದೂ ತಿಳಿದಿರಬೇಕು. ಒಳ್ಳೆಯ ಟಿಂಕರಿಂಗ್ ಮೇಸ್ತ್ರಿ ಮೊದಲು ಬ್ಯಾಟರಿ ವಯರು ಬಿಚ್ಚುತ್ತಾನೆ, ಪೆಟ್ರೋಲ್ ಟ್ಯಾಂಕಿನ ಹತ್ತಿರದ ಕೆಲಸವಾದರೆ ಟ್ಯಾಂಕ್ ಇಳಿಸುತ್ತಾನೆ. ರನ್ನಿಂಗ್ ಬೋರ್ಡು ಕತ್ತರಿಸುವ ಮುನ್ನ ಬಾಗಿಲ ಚೌಕಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಬಿಗಿಯುತ್ತಾನೆ. ಇಲ್ಲವಾದರೆ ಕತ್ತರಿಸಿದೊಡನೆ ಬಾಡಿ ತಿರುಚಿಕೊಂಡು ಆಮೇಲೆ ಬಾಗಿಲೇ ಕೂರುವುದಿಲ್ಲ. ಹೊಳೆಯುವ ಗಟ್ಟಿ ತಗಡು ಸಿಗುವತನಕ ಕತ್ತರಿಸುತ್ತ ಹೋಗುತ್ತಾನೆ. ಹೊಸ ತಗಡನ್ನು ಅಲ್ಲಿಗೆ ಸುತ್ತಲೂ ಬಿಡುವಿಲ್ಲದೆ ಬೆಸೆದು, ಪ್ರೈಮರ್ ಹಚ್ಚಿ, ಸಂದುಗಳಿಗೆ ಸೀಲರ್ ತುಂಬಿ, ಪೆಟ್ಟಿಗೆಯೊಳಕ್ಕೆ ಮೇಣದಂಥ ಲೇಪನ ಸಿಂಪಡಿಸಿ, ಕೊನೆಗೆ ನೀರು ಹೋಗುವ ತೂತು ತೆರೆದಿದೆಯೇ ಎಂದು ಕಡ್ಡಿ ಹಾಕಿ ನೋಡುತ್ತಾನೆ. ಈ ಕೊನೆಯ ಕಡ್ಡಿ ಹಾಕುವವನು ಸಿಕ್ಕಿದರೆ ಅವನು ಕೇಳಿದ ಕೂಲಿ ಕೊಡಿ.

ಅಪಾಯ ಇರುವುದು ಮೂರನೆಯ ದಾರಿಯಲ್ಲಿ. ತೂತಿಗೆ ಎಂ-ಸೀಲ್, ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ತಳಕ್ಕೆ ಕಪ್ಪು ಅಂಡರ್‌ಕೋಟಿಂಗ್. ತುಕ್ಕು ತೆಗೆಯದೆ ಬಳಿದ ಆ ಕಪ್ಪು ಪದರ ನೀರನ್ನು ಒಳಗೇ ಕೂಡಿಹಾಕಿ, ಮುಂದೆ ನೋಡುವವನ ಕಣ್ಣಿಗೂ ಮಣ್ಣೆರಚುತ್ತದೆ. ಮೇಲೆ ಥಳಕು, ಒಳಗೆ ಹುಳುಕು.

ಹಾಗೆ ಮುಚ್ಚಿದ ಕಾರು ಹೆಚ್ಚಾಗಿ ಕೈಬದಲಾಗುತ್ತದೆ. ಕೊಳ್ಳುವವನು ಡ್ರೈವಿಂಗ್ ಕಲಿಯುತ್ತಿರುವ ಹುಡುಗ, ಮಗುವನ್ನು ಮಳೆಯಲ್ಲಿ ಸ್ಕೂಟರಿನಲ್ಲಿ ಒಯ್ಯಲು ಅಂಜಿ ಮೊದಲ ಕಾರು ಕೊಂಡ ದಂಪತಿ. ಅವರಿಗೆ ಗುಳ್ಳೆಯೂ ಕಾಣುವುದಿಲ್ಲ.

ಡಿಕ್ಕಿಯಾದ ಕ್ಷಣ ಸೀಟ್ ಬೆಲ್ಟ್ ಮನುಷ್ಯನನ್ನು ಹಿಡಿಯುತ್ತದೆ. ಬೆಲ್ಟನ್ನು ಹಿಡಿಯುವುದು ಬೋಲ್ಟು, ಬೋಲ್ಟನ್ನು ಹಿಡಿಯುವುದು ಆ ತಗಡು. ಬದಿಯಿಂದ ಬಂದ ಹೊಡೆತವನ್ನು ತಡೆಯಬೇಕಾದದ್ದು ರನ್ನಿಂಗ್ ಬೋರ್ಡು. ಅದರೊಳಗೆ ಪತ್ರಿಕೆಯ ಮುದ್ದೆ ಇದೆ.

ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯ ಸಣ್ಣಕ್ಷರ ಓದಲಿ. ಸವಕಳಿ ಅದರ ವ್ಯಾಪ್ತಿಯ ಹೊರಗೆ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಅಪಘಾತದ ಪರಿಹಾರದಲ್ಲೂ ಸಾಮಾನ್ಯವಾಗಿ ಅರ್ಧ ಬೆಲೆ ಕಳೆಯುತ್ತಾರೆ.

‘ಇಷ್ಟು ವರ್ಷ ಏನೂ ಆಗಿಲ್ಲ.’ ಹೌದು, ಆಗಿಲ್ಲ. ‘ನಾನೇನು ಜೋರಾಗಿ ಓಡಿಸುತ್ತೇನಾ?’ ಎದುರಿನವನು ಓಡಿಸುತ್ತಾನೆ. ‘ಪೇಟೆಗೆ ಹೋಗಿಬರುವುದಷ್ಟೆ.’ ಪೇಟೆಯ ದಾರಿಯಲ್ಲೂ ಟಿಪ್ಪರುಗಳಿವೆ. ತುಕ್ಕನ್ನು ನಿಲ್ಲಿಸಲು ಉಪಾಯವಿದೆ. ಈ ಉತ್ತರಗಳಿಗೆ ಇಲ್ಲ.

ಬಿಡುವುದೆಂದು ತೀರ್ಮಾನಿಸಿದವರು ಮುಂದಿನವನಿಗೆ ದಾಟಿಸದೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಡಲಿ. ಅಲ್ಲಿ ಸಿಗುವ ಪ್ರಮಾಣಪತ್ರಕ್ಕೆ ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಆರ್‌ಸಿ ರದ್ದು ಮಾಡಿಸುವುದನ್ನು ಮರೆಯಬೇಡಿ.

ಉಳಿಸಿಕೊಳ್ಳುವವರಿಗೆ ಸಮಯ ಕಡಿಮೆ. ಜೂನ್ ಮೊದಲ ವಾರ ಮಳೆ ಹಿಡಿದರೆ ಕತ್ತರಿಸಿಟ್ಟ ಹೊಳೆಯುವ ತಗಡು ಬೆಳಗಾಗುವುದರೊಳಗೆ ಕಂದು ತಿರುಗುತ್ತದೆ, ಪ್ರೈಮರ್ ಹಿಡಿಯುವುದಿಲ್ಲ. ಈ ವಾರವೇ ಕಾರನ್ನು ಲಿಫ್ಟಿಗೆ ಏರಿಸಿ, ಕಾರ್ಪೆಟ್ ಪೂರ್ತಿ ತೆಗೆಸಿ, ಮೇಸ್ತ್ರಿಯ ಜೊತೆ ನೀವೂ ಕೆಳಗೆ ನಿಂತು ನೋಡಿ. ‘ಇನ್ನೊಂದು ವರ್ಷ ತಡೀತದಾ ಮೇಸ್ತ್ರಿಗಳೇ?’ ಎಂದು ಕೇಳಬೇಡಿ; ತಡೆಯುತ್ತದೆ ಎಂದೇ ಹೇಳುತ್ತಾರೆ. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಎಂದು ಕೇಳಿ, ಸೀಮೆಸುಣ್ಣದಿಂದ ಗೆರೆ ಎಳೆಸಿ.

ಅಷ್ಟರೊಳಗೆ ಕೆಲಸ ಮುಗಿಯುವುದಿಲ್ಲ ಎಂದಾದರೆ ಕಾರು ಸೆಪ್ಟೆಂಬರಿನತನಕ ಶೆಡ್ಡಿನಲ್ಲಿರಲಿ. ಬಸ್ಸಿದೆ.